ಓಟದ ಕಾರೂ ನಮ್ಮ ಊರ ಹಾದಿಯೂ

ಈ ಸಲದ ವಾರ್ಷಿಕ ಸಂಚಿಕೆಗೆ ಓಟದ ಕಾರುಗಳ ಮೇಲೊಂದು ಲೇಖನ ಬರೆಯುತ್ತೇನೆಂದು ನಾನು ಹೇಳಿದಾಗ ಸಹಪಾಠಿಗಳೆಲ್ಲ ನಕ್ಕರು. "ಲೇ, ಕುಷ್ಟಗಿಗೂ ಕಾರ್ ರೇಸಿಗೂ ಏನ್ ಸಂಬಂಧಲೇ? ನಮ್ಮೂರಿಗೆ ಬಸ್ಸು ಟೈಮಿಗೆ ಬಂದ್ರ ಅದಽ ದೊಡ್ಡ ರೇಸು" ಎಂದನೊಬ್ಬ. ಕೊಪ್ಪಳದ ಕೋಟೆ, ಕಿನ್ನಾಳದ ಗೊಂಬೆ, ಆನೆಗೊಂದಿಯ ಇತಿಹಾಸ, ಇಷ್ಟೆಲ್ಲ ಕೈಯಳತೆಯಲ್ಲಿರುವಾಗ ಪರದೇಶದ ಮೋಟಾರಿನ ಗೊಡವೆ ಕಲಾ ವಿಭಾಗದ ವಿದ್ಯಾರ್ಥಿಗೆ ಏಕೆ ಎಂದು ಇನ್ನೊಬ್ಬರು ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ, ಆ ಕಾರಣವನ್ನು ಲೇಖನದ ನಡುವೆ ಒಂದು ಕಡೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಲ್ಲಿಯವರೆಗೆ ವಾಚಕರು ತಾಳ್ಮೆಯಿಂದ ಜೊತೆಗೆ ಬರಬೇಕೆಂದು ಬೇಡಿಕೊಳ್ಳುತ್ತೇನೆ.

ಮೊದಲನೆಯದಾಗಿ, ಓಟದ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ. ಕಾರ ಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಸಂಜೆಗೆ ಅಗಸಿಯ ಮುಂದೆ ಕರಿ ಹರಿಯಲು ಬಿಡುತ್ತೇವಷ್ಟೆ? ಬಿಳಿಯ ಎತ್ತು ಮುಂದಾಯಿತೋ ಕೆಂದೆತ್ತು ಮುಂದಾಯಿತೋ ಎಂಬುದರ ಮೇಲೆ ಆ ವರ್ಷದ ಬೆಳೆಯ ಲೆಕ್ಕ ಹಾಕುವ ಹಿರಿಯರು ಇಂದಿಗೂ ಇದ್ದಾರೆ. ಆ ಹೊತ್ತಿನಲ್ಲಿ ಅಗಸಿಯ ಮೇಲೆ, ಮಾಳಿಗೆಯ ಮೇಲೆ, ಗಿಡದ ಕೊಂಬೆಯ ಮೇಲೆ ಕುಳಿತು ಕೂಗುವ ಜನರ ಮುಖ ನೋಡಿದರೆ ಸಾಕು. ಕಾರ ಹುಣ್ಣಿಮೆಯ ಕಾರಕ್ಕೂ ಮೋಟಾರು ಕಾರಿಗೂ ಹೆಸರಿನ ನಂಟಿಲ್ಲದಿರಬಹುದು. ಎರಡನ್ನೂ ನೋಡುವ ಕಣ್ಣು ಮಾತ್ರ ಒಂದೇ. ಓಡುವುದನ್ನು ಕಂಡು ಮನುಷ್ಯನ ಎದೆ ಹಿಗ್ಗುವುದು ಸಹಜ. ಅದನ್ನು ಹುಚ್ಚೆಂದು ಹಳಿದರೆ ಯಾವ ಪ್ರಯೋಜನವೂ ಇಲ್ಲ.

ನಮ್ಮ ತಂದೆಯವರದು ಕುಷ್ಟಗಿಯಲ್ಲಿ ಸಣ್ಣದೊಂದು ಗ್ಯಾರೇಜು. ಟ್ರ್ಯಾಕ್ಟರು, ಟಂಟಂ, ಬೈಕು, ಬಂದದ್ದನ್ನೆಲ್ಲ ರಿಪೇರಿ ಮಾಡುತ್ತಾರೆ. ಅಲ್ಲಿಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ರದ್ದಿಯಲ್ಲಿ ಬಂದ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರವೊಂದಿತ್ತು. ಬೆಳ್ಳಿಯ ಬಣ್ಣದ ಉದ್ದನೆಯ ಕಾರು; ಮೇಲೆ ಛಾವಣಿಯಿಲ್ಲ; ಮೂಗಿನ ಮೇಲೆ ಕೆಂಪು ಅಕ್ಷರದಲ್ಲಿ 722 ಎಂಬ ಅಂಕಿ. ಅದು ಯಾರ ಕಾರು, ಯಾವ ಊರಿನದು ಎಂದು ಅಪ್ಪನಿಗೂ ತಿಳಿದಿರಲಿಲ್ಲ. "ಮೈ ನೋಡಲೇ ಹೆಂಗೈತಿ, ಎತ್ತಿನ ಹಿಣಿಲು ಇದ್ದಂಗ" ಎನ್ನುತ್ತಿದ್ದರು. ಹುಡುಗನಾಗಿದ್ದಾಗ ನಾನು ಅದನ್ನೇ ನೋಡುತ್ತ ಸ್ಪ್ಯಾನರು ಒರೆಸುತ್ತಿದ್ದೆ. ಕಾಲೇಜಿಗೆ ಬಂದ ಮೇಲೆ ಆ ಕಾರಿನ ಜಾತಕವನ್ನು ಹುಡುಕಿ ತೆಗೆದೆ. ಅಲ್ಲಿಂದ ಈ ಓದು ಬೆಳೆಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹದಿನೈದು ವರ್ಷಗಳು ಮೋಟಾರು ಪಂದ್ಯಗಳ ಪಾಲಿಗೆ ಸುಗ್ಗಿಯ ಕಾಲ. ಯುದ್ಧವಿಮಾನಗಳಿಗಾಗಿ ಕಲಿತ ವಿದ್ಯೆ, ಎಂದರೆ ಹಗುರವಾದ ಲೋಹ, ಗಾಳಿಯನ್ನು ಸೀಳುವ ಆಕಾರ, ಹೆಚ್ಚು ಬಲದ ಇಂಜಿನು, ಇವೆಲ್ಲ ಕಾರಿಗೆ ಇಳಿದುಬಂದವು. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜಾಗ್ವಾರ್ ಕಂಪನಿ ಎಕ್ಸ್‌ಕೆ 120 ಎಂಬ ಕಾರನ್ನಿಟ್ಟಿತು. 120 ಎಂಬುದು ಅದರ ವೇಗ, ಗಂಟೆಗೆ 120 ಮೈಲಿ; ನಮ್ಮ ಲೆಕ್ಕದಲ್ಲಿ ಸುಮಾರು 193 ಕಿಲೋಮೀಟರು. 1954ರಲ್ಲಿ ಮರ್ಸಿಡಿಸ್ ಕಂಪನಿಯ 300 ಎಸ್‌ಎಲ್ ಬಂತು; ಅದರ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತಿದ್ದವು. ಇಟಲಿಯಲ್ಲಿ ಫೆರಾರಿ, ಮಸೆರಾಟಿ, ಜರ್ಮನಿಯಲ್ಲಿ ಪೋರ್ಷೆ, ಇಂಗ್ಲೆಂಡಿನಲ್ಲಿ ಲೋಟಸ್. ಹೀಗೆ ಒಂದೊಂದು ದೇಶವೂ ತನ್ನ ಮಾನವನ್ನು ನಾಲ್ಕು ಗಾಲಿಗಳ ಮೇಲೆ ಪಣಕ್ಕಿಟ್ಟ ಕಾಲವದು.

ಇಲ್ಲಿ ಮೊದಲನೆಯ ಆಕ್ಷೇಪ ಏಳುತ್ತದೆ: "ಇದೆಲ್ಲ ಹಣವಂತರ ಚಟ. ಹೊಟ್ಟೆ ತುಂಬಿದವರು ಗಾಳಿ ಕುಡಿಯಲು ಹೊರಟರೆ ಬಡವರು ಏಕೆ ಚಪ್ಪಾಳೆ ತಟ್ಟಬೇಕು?" ಈ ಮಾತು ಅರ್ಧ ನಿಜ. ನಮ್ಮ ದೇಶದಲ್ಲಿ ಆಗ ಪರದೇಶದ ಓಟದ ಕಾರು ಕೊಳ್ಳುವ ಶಕ್ತಿ ಇದ್ದದ್ದು ರಾಜಮನೆತನಗಳಿಗೆ, ದೊಡ್ಡ ವ್ಯಾಪಾರಸ್ಥರಿಗೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗದಲ್ಲಿ ರೈತನಿಗೆ ಚಕ್ಕಡಿಯೇ ವಾಹನ. ಉಳಿದರ್ಧ ಮಾತ್ರ ಸುಳ್ಳು. ಆ ಕಾಲದ ಅಗ್ರಗಣ್ಯ ಸಾರಥಿ ಯಾರು? ಹ್ವಾನ್ ಮ್ಯಾನುಯೆಲ್ ಫ್ಯಾಂಜಿಯೊ. 1911ರಲ್ಲಿ ಅರ್ಜೆಂಟೀನ ದೇಶದ ಬಾಲ್ಕಾರ್ಸೆ ಎಂಬ ಊರಿನಲ್ಲಿ, ಇಟಲಿಯಿಂದ ವಲಸೆ ಬಂದ ದುಡಿಮೆಗಾರರ ಮನೆಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತವನು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರು ದೇಶದ ಲಿಮಾಕ್ಕೆ ಹೋಗಿ ಮರಳುವ, 9,000 ಕಿಲೋಮೀಟರಿಗೂ ಮಿಕ್ಕಿದ ಪಂದ್ಯವನ್ನು ಸಾಮಾನ್ಯ ಷೆವ್ರೊಲೆ ಕಾರಿನಲ್ಲಿ ಗೆದ್ದ. ಕಾರು ಕೆಟ್ಟರೆ ಹಾದಿಯಲ್ಲೇ ಬಿಚ್ಚಿ ಕೂಡಿಸುವ ಕೈಯಿದ್ದವರಿಗೆ ಮಾತ್ರ ಸಾಧ್ಯವಾಗುವ ಗೆಲುವು ಅದು. ಆಮೇಲೆ ಯುರೋಪಿಗೆ ಹೋಗಿ 1951, 1954, 1955, 1956 ಮತ್ತು 1957ರಲ್ಲಿ, ಒಟ್ಟು ಐದು ಸಲ, ಜಗತ್ತಿನ ಪ್ರಶಸ್ತಿ ಪಡೆದ. ಕೈಗೆ ಗ್ರೀಸು ಹತ್ತಿದವನ ಗೆಲುವು ಅದು. ಇದನ್ನು ಓದಿ ಹೇಳಿದಾಗ ನಮ್ಮಪ್ಪ ಕೆಲಸ ನಿಲ್ಲಿಸಿ, "ಅಂವ ನಮ್ಮವಽ ಬಿಡು" ಎಂದರು.

ನಮ್ಮ ನಾಡಿನ ಮಾತಿಗೆ ಬರೋಣ. ಮದ್ರಾಸಿನ ಉತ್ತರಕ್ಕೆ ಶೋಳಾವರಂ ಎಂಬಲ್ಲಿ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ವಿಮಾನದ ಓಡುದಾರಿಯೊಂದು ಬರಿದೆ ಬಿದ್ದಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ಪಂದ್ಯಗಳನ್ನು ನಡೆಸತೊಡಗಿತು. ದೇಶದ ಮೂಲೆ ಮೂಲೆಗಳಿಂದ ಸ್ಪರ್ಧಿಗಳು, ಸಾವಿರಗಟ್ಟಲೆ ಪ್ರೇಕ್ಷಕರು. ಪರದೇಶದ ಕಾರು ತರಿಸುವುದಕ್ಕೆ ಸರ್ಕಾರದ ಕಟ್ಟುನಿಟ್ಟು; ದೇಶದಲ್ಲಿ ತಯಾರಾಗುವ ಕಾರುಗಳೋ ಬೆರಳಲ್ಲಿ ಎಣಿಸುವಷ್ಟು. ಆದ್ದರಿಂದ ಮದುವೆಯ ದಿಬ್ಬಣಕ್ಕೂ ಮಂತ್ರಿಗಳ ಸವಾರಿಗೂ ಒದಗುತ್ತಿದ್ದ ಅಂಬಾಸಡರು, ಫಿಯಟ್ಟು, ಹೆರಾಲ್ಡುಗಳನ್ನೇ ಜನ ಬಿಚ್ಚಿ, ಭಾರ ಇಳಿಸಿ, ಇಂಜಿನನ್ನು ಹದಗೊಳಿಸಿ ಓಡಿಸಿದರು. ಇದ್ದುದರಲ್ಲೇ ಹೊಸದನ್ನು ಮಾಡುವ ಈ ಜಾಣತನ ಕುಷ್ಟಗಿ, ಗಂಗಾವತಿಗಳ ಗ್ಯಾರೇಜುಗಳಲ್ಲಿ ದಿನಬೆಳಗಾದರೆ ಕಾಣುವಂಥದೇ. ಮತ್ತೂ ಒಂದು ಮಾತು. ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಇಂಜಿನಿನ ಸಿಲಿಂಡರ್ ಬ್ಲಾಕು, ಸಿಲಿಂಡರ್ ಹೆಡ್ಡುಗಳನ್ನು ಎರಕ ಹೊಯ್ಯುತ್ತಾರೆ. ಇಂಜಿನಿನ ಎಲುಬುಗೂಡೇ ನಮ್ಮ ಜಿಲ್ಲೆಯಲ್ಲಿ ತಯಾರಾಗುತ್ತಿರುವಾಗ ಮೋಟಾರು ವಿದ್ಯೆ ನಮಗೆ ಪರದೇಶದ್ದು ಹೇಗಾದೀತು?

ಹಾಗಾದರೆ ಓಟದ ಕಾರಿನಿಂದ ಕಲಿಯತಕ್ಕದ್ದು ವೇಗವೇ? ಅಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ಸ್ಥಾಪಿಸುವುದಕ್ಕೇ ಈ ಲೇಖನ.

ಅಪ್ಪನ ಗ್ಯಾರೇಜಿನ ಗೋಡೆಯ ಮೇಲಿದ್ದ ಕಾರು ಮರ್ಸಿಡಿಸ್ 300 ಎಸ್‌ಎಲ್‌ಆರ್. ಓಡಿಸಿದವನು ಸ್ಟರ್ಲಿಂಗ್ ಮಾಸ್ ಎಂಬ ಇಂಗ್ಲಿಷ್ ತರುಣ. 722 ಎಂದರೆ ಅವನು ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟನೆಂದು ಅರ್ಥ. ಪಂದ್ಯ ಇಟಲಿಯ ಮಿಲ್ಲೆ ಮಿಲಿಯ, ಎಂದರೆ ಸಾವಿರ ಮೈಲಿ: ಬ್ರೆಶ್ಯಾ ನಗರದಿಂದ ರೋಮಿಗೆ ಹೋಗಿ ಮತ್ತೆ ಬ್ರೆಶ್ಯಾಕ್ಕೆ. ದಿನ 1955ರ ಮೇ 1. ಆಗ ನಮ್ಮ ನಾಲ್ಕೂ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ತುಂಗಭದ್ರಾ ಕಾಲುವೆಗೆ ನೀರು ಬಂದು ಎರಡು ವರ್ಷವೂ ತುಂಬಿರಲಿಲ್ಲ. ಮಾಸ್ ಆ ಸಾವಿರ ಮೈಲಿಯನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದ. ಗಂಟೆಗೆ ಸರಾಸರಿ ಸುಮಾರು 157 ಕಿಲೋಮೀಟರು. ಅದೂ ಊರು, ಘಾಟು, ಸೇತುವೆಗಳನ್ನು ಹಾದು ಹೋಗುವ ಸಾಮಾನ್ಯ ಹಾದಿಯಲ್ಲಿ!

ಇದನ್ನು ಓದಿದವರೆಲ್ಲ ಮಾಸ್‌ನ ಧೈರ್ಯವನ್ನು ಹೊಗಳುತ್ತಾರೆ. ನನ್ನ ಕಣ್ಣು ನೆಟ್ಟದ್ದು ಅವನ ಪಕ್ಕದಲ್ಲಿ ಕುಳಿತಿದ್ದ ಗಡ್ಡದ ಮನುಷ್ಯನ ಮೇಲೆ. ಅವನು ಡೆನಿಸ್ ಜೆಂಕಿನ್‌ಸನ್ ಎಂಬ ಪತ್ರಿಕೆಯ ವರದಿಗಾರ. ಇಬ್ಬರೂ ಪಂದ್ಯಕ್ಕೆ ಮೊದಲು ಆ ಹಾದಿಯನ್ನು ಮತ್ತೆ ಮತ್ತೆ ತಿರುಗಿ, ಯಾವ ತಿರುವು ಎಷ್ಟು ಕಡಿದು, ಎಲ್ಲಿ ಉಬ್ಬು, ಎಲ್ಲಿ ರೈಲಿನ ಹಳಿ ಅಡ್ಡ ಬರುತ್ತದೆ ಎಂಬುದನ್ನೆಲ್ಲ ಬರೆದಿಟ್ಟಿದ್ದರು. ಆ ಟಿಪ್ಪಣಿಗಳನ್ನು ಸುಮಾರು 18 ಅಡಿ ಉದ್ದದ ಕಾಗದದ ಸುರುಳಿಯ ಮೇಲೆ ಬರೆದು, ಕಿಟಕಿಯಿದ್ದ ಪೆಟ್ಟಿಗೆಯೊಂದರಲ್ಲಿಟ್ಟು, ಜಾತ್ರೆಯ ಪಟದ ಪೆಟ್ಟಿಗೆಯವನು ಸುರುಳಿ ಬಿಚ್ಚುವಂತೆ ಬಿಚ್ಚುತ್ತ ಹೋದ. ಇಂಜಿನಿನ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ, ಆದ್ದರಿಂದ ಕೈಸನ್ನೆ. ಅವನ ಸನ್ನೆಯನ್ನು ನಂಬಿ, ಮುಂದಿನ ಹಾದಿ ಕಾಣದ ದಿಬ್ಬವನ್ನೂ ಮಾಸ್ ಪೂರ್ಣ ವೇಗದಲ್ಲಿ ದಾಟುತ್ತಿದ್ದ. ಆ ದಿನ ಗೆದ್ದದ್ದು ಕಾಲಿನ ಬಲವೆಂದು ನಾವು ತಿಳಿಯುತ್ತೇವೆ. ನಿಜವಾಗಿ ಗೆದ್ದದ್ದು ಆ ಕಾಗದ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ನಮ್ಮಂಥವರು ಈ ಮಾತನ್ನು ಗಂಟು ಹಾಕಿಕೊಳ್ಳಬೇಕು.

ಈ ವಿಜಯವಾಗಿ ಆರು ವಾರ ಕಳೆದಿರಲಿಲ್ಲ. ಅದೇ ಜಾತಿಯ ಕಾರು ಮೃತ್ಯುವಾಯಿತು. ಫ್ರಾನ್ಸಿನ ಲ ಮಾನ್ ಎಂಬಲ್ಲಿ 1923ರಿಂದ 24 ಗಂಟೆಗಳ ಪಂದ್ಯ ನಡೆಯುತ್ತ ಬಂದಿದೆ. 1955ರ ಜೂನ್ 11ರ ಸಂಜೆ, ಮೈಕ್ ಹಾಥಾರ್ನ್ ಎಂಬವನು ಮುಂದಿನ ಜಾಗ್ವಾರಿನಲ್ಲಿದ್ದ. ಎಣ್ಣೆ ತುಂಬಿಸುವ ಕಟ್ಟೆಗೆ ಹೋಗಲು ಅವನು ಬ್ರೇಕು ಒತ್ತಿದ. ಹಿಂದೆ ಬರುತ್ತಿದ್ದ ಲ್ಯಾನ್ಸ್ ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಎಡಕ್ಕೆ ಸರಿದ. ಅವನ ಹಿಂದೆ ಇನ್ನೂ ಹೆಚ್ಚು ವೇಗದಿಂದ ಬಂದ ಪಿಯರ್ ಲೆವೆಗ್‌ನ ಮರ್ಸಿಡಿಸ್ಸು ಅವನ ಕಾರಿನ ಬೆನ್ನೇರಿ, ಹಾರಿ, ಪ್ರೇಕ್ಷಕರತ್ತ ನುಗ್ಗಿತು. ಲೆವೆಗ್ ಸತ್ತ, ನೋಡಲು ಬಂದಿದ್ದ 80ಕ್ಕೂ ಹೆಚ್ಚು ಜನ ಸತ್ತರು. ಲೆವೆಗ್‌ನ ಬೆನ್ನ ಹಿಂದೆಯೇ ಬರುತ್ತಿದ್ದ ಫ್ಯಾಂಜಿಯೊ ಕೂದಲೆಳೆಯಲ್ಲಿ ಪಾರಾದ. ಅವನು ಮತ್ತೆಂದೂ ಲ ಮಾನ್‌ನಲ್ಲಿ ಸ್ಪರ್ಧಿಸಲಿಲ್ಲ. ಪಂದ್ಯವನ್ನು ಮಾತ್ರ ನಿಲ್ಲಿಸಲಿಲ್ಲ. ಮರ್ಸಿಡಿಸ್ ಕಂಪನಿ ಆ ರಾತ್ರಿಯೇ ತನ್ನ ಉಳಿದ ಕಾರುಗಳನ್ನು ಹಿಂತೆಗೆದುಕೊಂಡಿತು. ಗೆಲುವು ಹಾಥಾರ್ನನಿಗೂ ಅವನ ಜೊತೆಗಾರನಿಗೂ ದೊರೆಯಿತು. ವಿಚಾರಣೆಯಲ್ಲಿ ಯಾವ ಚಾಲಕನ ಮೇಲೂ ತಪ್ಪು ಹೊರಿಸಲಿಲ್ಲ; ಅಂಥ ವೇಗಕ್ಕೆ ಆ ಹಾದಿ ಕಟ್ಟಿದ್ದಲ್ಲವೆಂದು ತೀರ್ಮಾನವಾಯಿತು.

ಇಲ್ಲಿ ಬ್ರೇಕಿನ ಮಾತು ಬರುತ್ತದೆ. ಅದುವರೆಗಿನ ಹೆಚ್ಚಿನ ಕಾರುಗಳಿಗೆ ಡ್ರಮ್ ಬ್ರೇಕು. ಗಾಲಿಯ ಜೊತೆ ತಿರುಗುವ ಮುಚ್ಚಿದ ಬಟ್ಟಲಿನೊಳಗೆ ಎರಡು ಶೂಗಳು ಅಗಲಿ ಉಜ್ಜಿ ಗಾಲಿಯನ್ನು ಹಿಡಿಯುತ್ತವೆ. ಒಂದೆರಡು ಸಲ ಹಿಡಿದರೆ ಸರಿ. ಮೇಲಿಂದ ಮೇಲೆ ಹಿಡಿದರೆ ಬಿಸಿ ಒಳಗೇ ಉಳಿದು, ಬಟ್ಟಲು ಹಿಗ್ಗಿ ಶೂಗಳಿಂದ ದೂರವಾಗುತ್ತದೆ. ಕಾಲು ಎಷ್ಟೊತ್ತಿದರೂ ಗಾಡಿ ನಿಲ್ಲದು. ಡಿಸ್ಕ್ ಬ್ರೇಕಿನಲ್ಲಾದರೋ ತಿರುಗುವ ಉಕ್ಕಿನ ತಟ್ಟೆ ಗಾಳಿಗೆ ತೆರೆದಿರುತ್ತದೆ; ಎರಡು ಪ್ಯಾಡುಗಳು ಅದನ್ನು ಇಕ್ಕುಳದಂತೆ ಎರಡೂ ಬದಿಯಿಂದ ಕಚ್ಚುತ್ತವೆ; ಬಿಸಿ ಗಾಳಿಯಲ್ಲಿ ಹಾರಿಹೋಗುತ್ತದೆ. ಜಾಗ್ವಾರ್ ಕಂಪನಿ ಇದನ್ನು ತನ್ನ ಸಿ-ಟೈಪ್ ಕಾರಿಗೆ ಹಾಕಿ 1953ರಲ್ಲಿ ಲ ಮಾನ್ ಗೆದ್ದಿತು; ಆ ಪಂದ್ಯದಲ್ಲಿ ಮೊದಲ ಬಾರಿಗೆ ಗಂಟೆಗೆ 100 ಮೈಲಿಗೂ ಮೀರಿದ ಸರಾಸರಿ ಸಾಧಿಸಿದ್ದು ಆಗಲೇ. ವಿಚಿತ್ರ ನೋಡಿರಿ! ಹೆಚ್ಚು ಚೆನ್ನಾಗಿ ನಿಲ್ಲಬಲ್ಲ ಕಾರೇ ಹೆಚ್ಚು ಬೇಗ ಹೋಯಿತು. ತಿರುವಿಗೆ ತೀರ ಹತ್ತಿರವಾಗುವ ತನಕ ವೇಗ ತಗ್ಗಿಸಬೇಕಾದ ಭಯ ಆ ಚಾಲಕರಿಗಿರಲಿಲ್ಲ. ಲೆವೆಗ್‌ನ ಮರ್ಸಿಡಿಸ್ಸಿಗೆ ಇನ್ನೂ ಡ್ರಮ್ ಬ್ರೇಕೇ ಇತ್ತು. ಅದು ಸಾಲದೆಂದು ಗಾಳಿಯನ್ನು ತಡೆದು ವೇಗ ಇಳಿಸುವ ದೊಡ್ಡ ರೆಕ್ಕೆಯೊಂದನ್ನು ಚಾಲಕನ ಬೆನ್ನ ಹಿಂದೆ ಜೋಡಿಸಿದ್ದರು.

ಈಗ ನಾನು ಕೊಟ್ಟ ಮಾತಿಗೆ ಬರುತ್ತೇನೆ. ಮುಂದಿನದನ್ನು ನನ್ನ ಗೆಳೆಯನ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ.

ಹೋದ ವರ್ಷ ಬಿಳಿಜೋಳದ ರಾಶಿಯ ಕಾಲ. ಕಾಲೇಜು ಬಿಟ್ಟು ನಾವಿಬ್ಬರೂ ಬೇರೆ ಬೇರೆ ಬೈಕುಗಳಲ್ಲಿ ಊರಿಗೆ ಹೊರಟಿದ್ದೆವು. ಕುಷ್ಟಗಿಯ ಬಳಿ ಹೆದ್ದಾರಿ ಎಷ್ಟು ಅಗಲವೆಂದು ನಿಮಗೆ ಗೊತ್ತಿದೆ. ಆ ಹಾದಿ ಕಂಡರೆ ಕೈ ತಾನಾಗಿ ತಿರುವುತ್ತದೆ. "ಊರ ಅಗಸಿ ಮುಟ್ಟೂತನ. ಸೋತವ ಚಾ ಕುಡಿಸಬೇಕು" ಎಂದೆ ನಾನು. ಹೇಳಿದವನು ನಾನೇ, ಅವನಲ್ಲ. ನನ್ನದು ಮುಂದಿನ ಗಾಲಿಗೆ ಡಿಸ್ಕ್ ಇದ್ದ ಹೊಸ ಬೈಕು. ಅವನದು ಕೈಬದಲಾಗಿ ಬಂದ ಹಳೆಯದು. ಎರಡೂ ಗಾಲಿಗೆ ಡ್ರಮ್. ಹಿಂದಿನ ವಾರವಷ್ಟೇ ನಮ್ಮ ಗ್ಯಾರೇಜಿಗೆ ಬಂದಿದ್ದಾಗ ಅಪ್ಪ, "ಶೂ ಸವದಾವ ತಮ್ಮಾ, ಬದಲಿ ಮಾಡ್ಸು" ಎಂದಿದ್ದರು. ಅವನ ಕೈಯಲ್ಲಿದ್ದ ದುಡ್ಡು ಹೆಚ್ಚು ಸದ್ದು ಮಾಡುವ ಸೈಲೆನ್ಸರಿಗೆ ಹೋಗಿತ್ತು. ಅದನ್ನು ಆರಿಸಲು ಅವನ ಜೊತೆ ಅಂಗಡಿಗೆ ಹೋದವನೂ ನಾನೇ.

ಅವನನ್ನು ದಾಟಿ ಮುಂದಾಗಿ, ಅವನ ಎದುರಿಗೇ ಒಳಸರಿದೆ. ಮುಸ್ಸಂಜೆ. ಮುಂದೆ ಕಣಿಕಿ ಹೇರಿದ ಟ್ರ್ಯಾಕ್ಟರು. ಟ್ರೇಲರಿನ ಹಿಂದೆ ಕೆಂಪು ದೀಪವಿರಲಿಲ್ಲ. ಕಂಡೊಡನೆ ಬ್ರೇಕು ಒತ್ತಿದೆ. ನನ್ನದು ಹಿಡಿಯಿತು. ಅವನದು ಹಿಡಿಯಲಿಲ್ಲ. ನನ್ನನ್ನು ತಪ್ಪಿಸಲು ಹೋಗಿ ಬದಿಯ ಕಬ್ಬಿಣದ ಕಂಬಿಗೆ ಬಡಿದ. ಬಲಗಾಲಿನ ಎಲುಬು ಎರಡು ಕಡೆ ಮುರಿಯಿತು. ಎರಡು ಶಸ್ತ್ರಚಿಕಿತ್ಸೆ, ಒಳಗೆ ಉಕ್ಕಿನ ಸರಳು. ಆ ಖರ್ಚಿಗೆ ಅವರ ತಂದೆ ಮನೆಯ ಜೋಡೆತ್ತುಗಳನ್ನು ಮಾರಿದರು. ಹಿಂದಿನ ಕಾರ ಹುಣ್ಣಿಮೆಯಲ್ಲಿ ಕರಿ ಹರಿದು ಊರೆಲ್ಲ ಗುಲಾಲು ಎರಚಿಸಿಕೊಂಡ ಎತ್ತುಗಳು ಅವು. ಗೆಳೆಯ ಆ ವರ್ಷ ಪರೀಕ್ಷೆಗೆ ಕೂಡಲಿಲ್ಲ. ಇನ್ನೂ ಕಾಲೇಜಿಗೆ ಮರಳಿಲ್ಲ. ಕೇಳಿದವರಿಗೆಲ್ಲ "ನಾನಽ ಜಾರಿ ಬಿದ್ದೆ" ಎಂದ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ಶಿಕ್ಷೆಯಾಯಿತು.

ಲ ಮಾನ್‌ನ ಕಥೆಯನ್ನು ನಾನು ಓದಿದ್ದು ಆಮೇಲೆ. ಮುಂದಿದ್ದವನ ಬ್ರೇಕು ಹಿಡಿಯಿತು, ಹಿಂದಿದ್ದವರಿಗೆ ಹಾದಿ ಸಾಲಲಿಲ್ಲ ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ. ಹಾಥಾರ್ನನನ್ನು ವಿಚಾರಣೆ ಬಿಡುಗಡೆ ಮಾಡಿತು, ನಿಜ. ಆದರೆ ನನಗೂ ಅವನಿಗೂ ಒಂದು ಅಂತರವಿದೆ. ಅವನು ಓಡಿಸಿದ್ದು ಪಂದ್ಯಕ್ಕೆಂದು ಕಟ್ಟುಮಾಡಿದ ಹಾದಿಯಲ್ಲಿ. ಅಲ್ಲಿದ್ದವರಿಗೆಲ್ಲ ಪಂದ್ಯ ನಡೆಯುತ್ತಿದೆಯೆಂದು ತಿಳಿದಿತ್ತು. ಕಣಿಕಿ ಹೇರಿಕೊಂಡು ಮನೆಗೆ ಹೊರಟಿದ್ದ ರೈತನಿಗೆ ತಾನೊಂದು ಪಂದ್ಯದ ನಡುವೆ ಇದ್ದೇನೆಂದು ಯಾರು ಹೇಳಿದ್ದರು? ದೀಪವಿಲ್ಲದ್ದು ಅವನ ತಪ್ಪೇ ಸರಿ. ಆದರೆ ಹಗಲಿನ ವೇಗದಲ್ಲಿ ಹೋಗಿದ್ದರೆ ಆ ತಪ್ಪನ್ನು ದಾಟಿ ಹೋಗುತ್ತಿದ್ದೆವು.

ಜಗತ್ತು ಈ ಪಾಠವನ್ನು ಕಲಿತದ್ದೂ ಬೆಲೆ ತೆತ್ತೇ. 1957ರ ಮೇ 12ರಂದು ಅದೇ ಮಿಲ್ಲೆ ಮಿಲಿಯದಲ್ಲಿ, ಗುಯಿದಿಜ್ಜೊಲೊ ಎಂಬ ಹಳ್ಳಿಯ ಬಳಿ, ಸ್ಪೇನಿನ ದೆ ಪೋರ್ತಾಗೊ ಎಂಬ ಸರದಾರನ ಫೆರಾರಿಯ ಟೈರು ಸಿಡಿಯಿತು. ಅವನೂ ಅವನ ಜೊತೆಗಾರನೂ ಸತ್ತರು. ಹಾದಿಯ ಬದಿಗೆ ನಿಂತು ನೋಡುತ್ತಿದ್ದ ಒಂಬತ್ತು ಜನ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ವೇಗದ ಪಂದ್ಯವಾಗಿ ಮಿಲ್ಲೆ ಮಿಲಿಯ ಅಂದಿಗೆ ಮುಗಿಯಿತು. ಲ ಮಾನ್‌ನ ದುರಂತದ ತರುವಾಯ ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಮೋಟಾರು ಓಟವನ್ನು ದಶಕಗಳ ಕಾಲ ನಿಷೇಧಿಸಿತು. ಉಳಿದ ದೇಶಗಳು ಓಟವನ್ನು ಜನರ ಹಾದಿಯಿಂದ ಬಿಡಿಸಿ ಕಟ್ಟಿದ ಪಥಗಳಿಗೆ, ಹಳೆಯ ವಿಮಾನ ಬಯಲುಗಳಿಗೆ ಹೆಚ್ಚುಹೆಚ್ಚಾಗಿ ಸಾಗಿಸಿದವು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಅದಕ್ಕೂ ಮೊದಲೇ ಅಂಥದೊಂದು ವಿಮಾನ ಬಯಲಿನಲ್ಲಿ ಹುಟ್ಟಿತ್ತು; ನಮ್ಮ ಶೋಳಾವರಂ ಸಹ ವಿಮಾನ ಬಯಲಿನಲ್ಲೇ ಹುಟ್ಟಿದ್ದು. 1990ರಲ್ಲಿ ಮದ್ರಾಸಿನ ಬಳಿ ಇರುಂಗಾಟ್ಟುಕೋಟೈನಲ್ಲಿ ಓಟಕ್ಕೆಂದೇ ಪಥ ಕಟ್ಟಿದರು. ನಮ್ಮ ಕರ್ನಾಟಕದ ಚಿಕ್ಕಮಗಳೂರಿನಲ್ಲಿ 2015 ಮತ್ತು 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆದಾಗ ಕಾರುಗಳು ಓಡಿದ್ದು ಕಾಫಿ ತೋಟದೊಳಗಿನ ಮಣ್ಣಿನ ಹಾದಿಗಳಲ್ಲಿ. ಎತ್ತಿನ ಓಟಗಳ ವಿಷಯದಲ್ಲಿಯೂ ಇದೇ ದಾರಿ. 2014ರಲ್ಲಿ ಸುಪ್ರೀಂ ಕೋರ್ಟು ಅವನ್ನು ನಿಲ್ಲಿಸಿತು. 2017ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಕಟ್ಟಳೆಗೊಳಪಟ್ಟ ಅವಕಾಶ ಕೊಟ್ಟಿತು. 2023ರ ಮೇ 18ರಂದು ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟ ಬೇಡವೆಂದಲ್ಲ, ಅದಕ್ಕೊಂದು ಜಾಗ ಬೇಕು, ಕಟ್ಟಳೆ ಬೇಕು ಎಂಬುದೇ ಇಲ್ಲಿಯ ಸಾರ.

ನಮ್ಮ ಹೆದ್ದಾರಿಗಳಲ್ಲಾದರೋ ಜಾಗವೂ ಇಲ್ಲ, ಕಟ್ಟಳೆಯೂ ಇಲ್ಲ, ಪಂದ್ಯ ಮಾತ್ರ ನಿತ್ಯ. ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾವಿಗೆ ಕಾರಣ ಅತಿವೇಗವೆಂದು ಆ ವರದಿಯೇ ಹೇಳುತ್ತದೆ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಪಂದ್ಯ ಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮು ಹೇಳುತ್ತದೆ. 2019ರ ಏಪ್ರಿಲಿನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಿಗೆ ಗಾಲಿ ಬಿಗಿದು ಜಾರದಂತೆ ಕಾಯುವ ಬ್ರೇಕು ಕಡ್ಡಾಯವಾಗಿದೆ. ಕಾನೂನೂ ಯಂತ್ರವೂ ತಮ್ಮ ಕೆಲಸ ಮಾಡಿವೆ. ನಾವು ಏನು ಮಾಡಿದ್ದೇವೆ? ಸಂಕ್ರಮಣ, ಗಣೇಶ ಹಬ್ಬ, ಕಾಲೇಜು ದಿನ ಬಂದರೆ ಸೈಲೆನ್ಸರು ಕಿತ್ತು ಹಾದಿಗಿಳಿಯುತ್ತೇವೆ. ಹಿರಿಯರು ನಮ್ಮನ್ನು ಬಯ್ಯುತ್ತಾರೆ. ಬರಿಯ ಬಯ್ಗುಳದಿಂದ ಯಾವ ಹುಡುಗನ ಕೈಯೂ ಸಡಿಲವಾದದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಒಂದು ಸಲಹೆಯನ್ನು ಮುಂದಿಡುತ್ತೇನೆ. ಮೋಟಾರು ಕ್ರೀಡೆಯಲ್ಲಿ ವೇಗದ್ದಲ್ಲದ ಇನ್ನೊಂದು ಜಾತಿಯ ಸ್ಪರ್ಧೆಯಿದೆ. ಅಲ್ಲಿ ಪ್ರತಿಯೊಂದು ಠಾಣ್ಯಕ್ಕೂ ಇಷ್ಟು ಗಂಟೆ, ಇಷ್ಟು ನಿಮಿಷಕ್ಕೆ ಬರಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ತಡವಾಗಿ ಬಂದರೆ ಅಂಕ ಹೋಗುತ್ತದೆ. ಬೇಗ ಬಂದರೂ ಹೋಗುತ್ತದೆ. ಗೆಲ್ಲುವವನು ಮೊದಲು ಬಂದವನಲ್ಲ, ಸರಿಯಾಗಿ ಬಂದವನು. ಇಬ್ಬರು ಒಂದು ವಾಹನದಲ್ಲಿ, ಒಬ್ಬ ಓಡಿಸುವವನು, ಇನ್ನೊಬ್ಬ ಜೆಂಕಿನ್‌ಸನ್ನನಂತೆ ಕಾಗದ ಹಿಡಿದವನು. ಕೊಪ್ಪಳದಿಂದ ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳ ಮೇಲೆ ಹಾದು ಮತ್ತೆ ಕೊಪ್ಪಳಕ್ಕೆ ಬರುವಂತೆ, ಪೊಲೀಸರ ಹಾಗೂ ಸಾರಿಗೆ ಇಲಾಖೆಯವರ ಅಪ್ಪಣೆ ಪಡೆದು, ಕಾನೂನಿನ ವೇಗದೊಳಗೇ, ನಮ್ಮ ಕಾಲೇಜಿನವರು ವರ್ಷಕ್ಕೊಮ್ಮೆ ಇಂಥದೊಂದನ್ನು ಏಕೆ ನಡೆಸಬಾರದು? ಹೊರಡುವ ಮುನ್ನ ಎಲ್ಲ ಬೈಕುಗಳ ಬ್ರೇಕು, ದೀಪಗಳನ್ನು ಪರೀಕ್ಷಿಸಲಿ; ಸವೆದ ಶೂ ಇದ್ದವನನ್ನು ಅಲ್ಲಿಯೇ ಕೆಳಗಿಳಿಸಲಿ. ಆ ಕೆಲಸಕ್ಕೆ ಕೂಲಿ ಬೇಡವೆಂದು ನಮ್ಮಪ್ಪ ಈಗಾಗಲೇ ಒಪ್ಪಿದ್ದಾರೆ. ಮೈದಾನದಲ್ಲಿ ಇನ್ನೊಂದು ಸ್ಪರ್ಧೆ: ಗೆರೆ ಎಳೆದು, ಯಾರ ಗಾಡಿ ಗೆರೆಗೆ ಸರಿಯಾಗಿ ನಿಲ್ಲುವುದೋ ಅವರಿಗೆ ಬಹುಮಾನ. ಇದು ಚಿಕ್ಕ ಮಾತೆಂದು ಕಂಡೀತು. ಆದರೆ ನಿಲ್ಲುವುದಕ್ಕೂ ಒಂದು ಬಹುಮಾನವಿದೆಯೆಂದು ನಮ್ಮ ಊರಿನಲ್ಲಿ ಇದುವರೆಗೆ ಯಾರೂ ಹೇಳಿಲ್ಲ.

ಹೇಳಿಲ್ಲವೆಂದು ಬರೆದ ಮೇಲೆ ಒಂದು ದೃಶ್ಯ ನೆನಪಾಗುತ್ತಿದೆ. ಗವಿಮಠದ ಜಾತ್ರೆಯಲ್ಲಾಗಲಿ ನಮ್ಮ ಹಳ್ಳಿಗಳ ಜಾತ್ರೆಯಲ್ಲಾಗಲಿ ತೇರು ಎಳೆಯುವುದನ್ನು ನೋಡಿರಿ. ಮಿಣಿ ಹಿಡಿದ ಸಾವಿರ ಕೈಗಳು, ಉತ್ತತ್ತಿ ಎಸೆಯುವ ಸಾವಿರ ಕೈಗಳು, ಜಯಘೋಷ. ಆದರೆ ಗಾಲಿಯ ಪಕ್ಕದಲ್ಲೇ ಬಗ್ಗಿ ನಡೆಯುತ್ತ, ಹೊತ್ತು ನೋಡಿ ಗಾಲಿಯಡಿಗೆ ಮರದ ತುಂಡು ಕೊಡುವ ನಾಲ್ಕಾರು ಜನರಿರುತ್ತಾರಲ್ಲ, ಅವರನ್ನು ಯಾರೂ ನೋಡುವುದಿಲ್ಲ. ತೇರು ತಿರುಗುವುದೂ ನಿಲ್ಲುವುದೂ ಅವರಿಂದ. ಅವರಿಲ್ಲದಿದ್ದರೆ ಎಳೆದವರ ಮೇಲೆಯೇ ತೇರು ಹರಿದೀತು. ಓಟದ ಕಾರಿನ ಇತಿಹಾಸದಲ್ಲಿ ಫ್ಯಾಂಜಿಯೊ, ಮಾಸ್‌ರ ಹೆಸರುಗಳು ಉಳಿದಿವೆ; ಉಳಿಯಲಿ. ಆದರೆ ಆ ಕಾಲ ನಮ್ಮ ಕುಷ್ಟಗಿಯ ಹಾದಿಯವರೆಗೆ ಕಳುಹಿಸಿಕೊಟ್ಟ ನಿಜವಾದ ಉಡುಗೊರೆ ಗಾಲಿಯ ನಡುವೆ ಹೊಳೆಯುವ ಆ ಉಕ್ಕಿನ ತಟ್ಟೆ.

ನನ್ನ ಗೆಳೆಯ ಈಗ ಕೋಲು ಬಿಟ್ಟು ನಡೆಯುತ್ತಾನೆ. ಬರುವ ವರ್ಷ ಮತ್ತೆ ಕಾಲೇಜಿಗೆ ಹೆಸರು ಹಚ್ಚುತ್ತೇನೆಂದಿದ್ದಾನೆ. ಈ ಲೇಖನವನ್ನು ಮೊದಲು ಅವನಿಗೇ ಓದಿ ತೋರಿಸಿದೆ. ಎಲ್ಲವನ್ನೂ ಕೇಳಿ, "ಚಾ ನೀನಽ ಕುಡಿಸಬೇಕಲೇ, ನಾ ಸೋತಿಲ್ಲ, ನಮ್ಮ ಪಂದ್ಯ ಮುಗದಽ ಇಲ್ಲ" ಎಂದ. ಚಹಾ ಕುಡಿಸಿದೆ. ಪಂದ್ಯ ಅಲ್ಲಿಗೆ ಮುಗಿಯಿತೆಂದು ಅವನಿಗೂ ಹೇಳಿದೆ, ನಿಮಗೂ ಹೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಒಂದು ಗಳಿಗೆ ಬಗ್ಗಿ ನಿಮ್ಮ ಗಾಡಿಯ ಬ್ರೇಕನ್ನು ನೋಡಿಕೊಳ್ಳಿರಿ. ಈ ಲೇಖನ ಬರೆದದ್ದಕ್ಕೆ ನಾನು ಕೇಳುವ ಬಹುಮಾನ ಅಷ್ಟೇ.